ಪ್ರಾಜೆಕ್ಟ್ ರಿಪೋರ್ಟ್ ಇದೆ, ಪ್ಲಾನ್ ಎಲ್ಲಿದೆ?

ಮಂಗಳೂರಿನಲ್ಲಿ ಹೊಸದಾಗಿ ಬಿಸಿನೆಸ್ ಶುರು ಮಾಡಿದವರ ಕಪಾಟಿನಲ್ಲಿ ಸ್ಪೈರಲ್ ಬೈಂಡ್ ಮಾಡಿದ ಪುಸ್ತಕವೊಂದು ಇದ್ದೇ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಒಳಗೆ ಮೂವತ್ತೋ ನಲವತ್ತೋ ಪುಟ. ಐದು ವರ್ಷದ ಮಾರಾಟ, ಐದು ವರ್ಷದ ಖರ್ಚು, ಐದು ವರ್ಷದ ಲಾಭ. ಎಲ್ಲ ಅಂಕಿಗಳೂ ವರ್ಷ ವರ್ಷ ಏರುತ್ತಲೇ ಹೋಗುತ್ತವೆ. ಆ ಪುಸ್ತಕದಲ್ಲಿ ಯಾವ ವರ್ಷವೂ ಮಳೆ ಜಾಸ್ತಿ ಬರುವುದಿಲ್ಲ, ಅಂಗಡಿ ಮುಂದಿನ ರಸ್ತೆ ಅಗೆಯುವುದಿಲ್ಲ, ಅಡುಗೆ ಭಟ್ರು ಹೇಳದೆ ಕೇಳದೆ ಊರಿಗೆ ಹೋಗುವುದಿಲ್ಲ. ಲೋನ್ ಕೇಳುವಾಗ ಬ್ಯಾಂಕಿಗೆ ಕೊಡುವ ಇದಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಅಂತ ಹೆಸರು.

ಒಮ್ಮೆ ಪರಿಚಯದವರೊಬ್ಬರ ಬೇಕರಿಯ ರಿಪೋರ್ಟ್ ಓದುತ್ತಾ ಕೂತಿದ್ದೆ. ನಡುವೆ ಒಂದು ಪುಟದಲ್ಲಿ ‘ಹಸಿ ಗೇರುಬೀಜದ ದಾಸ್ತಾನು’ ಅಂತ ಬರೆದಿತ್ತು. ಬೇಕರಿಗೂ ಹಸಿ ಗೇರುಬೀಜಕ್ಕೂ ಎಂತ ಸಂಬಂಧ? ಏನಿಲ್ಲ, ಹಿಂದಿನ ಗಿರಾಕಿಯದು ಗೇರುಬೀಜ ಕಾರ್ಖಾನೆ. ಅದೇ ಎಕ್ಸೆಲ್ ಫೈಲಿನಲ್ಲಿ ಹೆಸರು ಬದಲಾಯಿಸಿದ್ದಾರೆ, ಒಂದು ಸಾಲು ಉಳಿದುಬಿಟ್ಟಿದೆ. ಬರೆದವರು ನೋಡಲಿಲ್ಲ, ಸಹಿ ಹಾಕಿದ ಮಾಲೀಕರು ನೋಡಲಿಲ್ಲ, ಲೋನ್ ಕೊಟ್ಟವರೂ ನೋಡಲಿಲ್ಲ. ಲೋನ್ ಆಯಿತು. ಬೇಕರಿಯೂ ನಡೆಯುತ್ತಿದೆ. ಆ ಪುಸ್ತಕವನ್ನು ಆಮೇಲೆ ಯಾರೂ ತೆರೆದಿಲ್ಲ, ಅಷ್ಟೇ.

ಇದು ಬರೀ ಸೋಮಾರಿತನದ ಕತೆ ಅಂದುಕೊಳ್ಳಬೇಡಿ. ಇದರ ಹಿಂದೆ ಒಂದು ಲೆಕ್ಕ ಇದೆ. ಸಣ್ಣ ಉದ್ಯಮಗಳಿಗೆ ದುಡಿಯುವ ಬಂಡವಾಳ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣ, ಕೊಡುವಾಗ ಬ್ಯಾಂಕುಗಳು ಬಹಳ ಕಾಲದಿಂದ ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಸೂತ್ರ ಬಳಸುತ್ತಾ ಬಂದಿವೆ. ಮುಂದಿನ ವರ್ಷ ಎಷ್ಟು ವಹಿವಾಟು ಆಗಬಹುದು ಅಂತ ನೀವು ಹೇಳಬೇಕು. ಅದರ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕು ಅಂತ ಲೆಕ್ಕ. ವಹಿವಾಟಿನ ಶೇ. 5ರಷ್ಟನ್ನು ನೀವು ಹಾಕಬೇಕು, ಶೇ. 20ರಷ್ಟನ್ನು ಬ್ಯಾಂಕು ಕೊಡುತ್ತದೆ. ಅಂದರೆ ಒಂದು ಕೋಟಿ ವಹಿವಾಟು ತೋರಿಸಿದರೆ 20 ಲಕ್ಷದ ಸಾಲದ ಲಿಮಿಟ್. ನಿಮಗೆ 30 ಲಕ್ಷ ಬೇಕಾದರೆ? ಒಂದೂವರೆ ಕೋಟಿ ಅಂತ ಬರೆಯಬೇಕು. ಬರೆಯುತ್ತಾರೆ. ಮೊದಲು ಲೋನಿನ ಅಂಕಿ, ಅದರಿಂದ ಹಿಂದಕ್ಕೆ ಗುಣಿಸಿ ಮಾರಾಟದ ಅಂಕಿ. ಮಾರಾಟ ಅಷ್ಟಾದ ಮೇಲೆ ಖರ್ಚು, ಲಾಭ ಎಲ್ಲ ತಾನಾಗಿ ಬರುತ್ತವೆ. ಬ್ಯಾಂಕಿನವರಿಗೂ ಇದು ಗೊತ್ತಿಲ್ಲ ಅಂತಲ್ಲ. ಅವರಿಗೆ ಫೈಲು ಮುಗಿಯಬೇಕು, ನಿಮಗೆ ಹಣ ಬೇಕು.

ಏಪ್ರಿಲ್ 1, 2025ರಿಂದ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ವ್ಯಾಖ್ಯೆಯೂ ದೊಡ್ಡದಾಗಿದೆ. 2.5 ಕೋಟಿ ಹೂಡಿಕೆ, 10 ಕೋಟಿ ವಹಿವಾಟಿನವರೆಗೆ ಮೈಕ್ರೋ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ಸಣ್ಣದು. ಹಾಗಾಗಿ ಇನ್ನೂ ಜಾಸ್ತಿ ಜನ ಈ ಸಾಲಿನಲ್ಲಿ ನಿಲ್ಲುತ್ತಾರೆ, ಇನ್ನೂ ಜಾಸ್ತಿ ಸ್ಪೈರಲ್ ಪುಸ್ತಕಗಳು ಬರುತ್ತವೆ. ಬರಲಿ. ತೊಂದರೆ ಏನೆಂದರೆ, ಇದನ್ನೇ ಪ್ಲಾನ್ ಅಂತ ನಂಬಿ ಕೂರುವುದು. ಬೇರೆಯವರಿಗೆ ತೋರಿಸಲಿಕ್ಕೆ ಬರೆದ ಕಾಗದದಲ್ಲಿ ನಮ್ಮ ಕಷ್ಟ ಬರೆಯುವುದಿಲ್ಲ. ಕಷ್ಟ ಏನು ಅಂತಲೇ ಬರೆಯದಿದ್ದರೆ ಅದಕ್ಕೆ ದಾರಿ ಹೇಗೆ ಬರೆಯುವುದು?

ಕಷ್ಟ ಏನು ಅಂತ ಹೇಳುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ, ಉಡುಪಿಯ ಒಂದು ಹೋಟೆಲಿನಲ್ಲಿ ಕೂರುವವರೆಗೆ.

ಸರ್ವಿಸ್ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ನಡೆದರೆ ಸಿಗುವ ಸಣ್ಣ ತಿಂಡಿ ಹೋಟೆಲ್. ಊಟ ಇಲ್ಲ. ಬೆಳಗ್ಗೆ ಇಡ್ಲಿ, ದೋಸೆ, ಬನ್ಸ್. ಸಂಜೆ ಗೋಳಿಬಜೆ, ಕಾಫಿ. ಮಾಲೀಕರು ಪರಿಚಯದವರು. ಯಾವಾಗ ಹೋದರೂ ಒಂದೇ ಮಾತು.

“ಜನ ಸಿಗುವುದಿಲ್ಲ ಮಾರಾಯ್ರೆ. ಎಂತ ಮಾಡುವುದು ಹೇಳಿ. ಮೊದಲು ಘಟ್ಟದ ಮೇಲಿಂದ ಹುಡುಗರು ಬರುತ್ತಿದ್ದರು, ಈಗ ಅಸ್ಸಾಮಿನಿಂದ ಬಂದವರೂ ನಿಲ್ಲುವುದಿಲ್ಲ.”

ಅವರ ಮಗನ ಪ್ಲಾನ್ ಬೇರೆ. ಗೂಡಂಗಡಿಯಂಥ ಇನ್ನೊಂದು ಬ್ರಾಂಚ್ ಮಣಿಪಾಲದಲ್ಲಿ ತೆಗೆಯೋಣ, ಫುಡ್ ಡೆಲಿವರಿ ಆಪ್ ಹಾಕೋಣ ಅಂತ. ಇಲ್ಲಿಗೇ ಜನ ಇಲ್ಲ, ಅಲ್ಲಿಗೆ ಎಲ್ಲಿಂದ ತರುವುದು ಅಂತ ತಂದೆಯ ತಕರಾರು. ಇಬ್ಬರದೂ ಸರಿಯೇ. ಜಗಳ ಮಾತ್ರ ವರ್ಷದಿಂದ ಅಲ್ಲೇ ನಿಂತಿತ್ತು.

‘ಯಾಕೆ’ ಅಂತ ಐದು ಸಲ ಕೇಳುವ ಒಂದು ಪದ್ಧತಿ ಇದೆ. ಜಪಾನಿನ ಟೊಯೊಟಾದವರು ಕಾರ್ಖಾನೆಯಲ್ಲಿ ಬಳಸಿ ಲೋಕಕ್ಕೆ ಗೊತ್ತು ಮಾಡಿದ್ದು. ಮೆಷಿನ್ ನಿಂತಿತು, ಯಾಕೆ? ಫ್ಯೂಸ್ ಹೋಯಿತು. ಯಾಕೆ? ಲೋಡ್ ಜಾಸ್ತಿ ಆಯಿತು. ಹೀಗೆ ಕೆಳಗಿಳಿಯುತ್ತಾ ಹೋಗುವುದು. ಕೇಳಲಿಕ್ಕೆ ಮಕ್ಕಳಾಟ. ಆದರೆ ಎರಡನೇ ‘ಯಾಕೆ’ಗೇ ಜನರಿಗೆ ಸಿಟ್ಟು ಬರುತ್ತದೆ. ಮಾಲೀಕರಿಗೂ ಬಂತು. ಜನ ಯಾಕೆ ನಿಲ್ಲುವುದಿಲ್ಲ? “ಸಂಬಳ ಸಾಲುವುದಿಲ್ಲ ಅವರಿಗೆ.” ಸಂಬಳಕ್ಕೇ ಹೋಗುವುದಾದರೆ, ಸಂಬಳ ಗೊತ್ತಿದ್ದೇ ಸೇರಿದವರು ಎರಡು ತಿಂಗಳಲ್ಲಿ ಯಾಕೆ ಹೋಗುತ್ತಾರೆ? ಅವರು ಗಲ್ಲಾದಿಂದ ಎದ್ದು ಒಳಗೆ ಹೋದರು. ನಾನು ಸುಮ್ನೆ ಕೈ ತೊಳೆಯುವ ಜಾಗದ ಪಕ್ಕದ ಟೇಬಲಿನಲ್ಲಿ ಕೂತೆ.

ಮಧ್ಯಾಹ್ನದ ಹೊತ್ತಿಗೆ ಉತ್ತರ ಕಂಡಿತು, ಅದೂ ಮಹಡಿಯ ಮೇಲೆ. ಹೋಟೆಲಿನಲ್ಲಿ ಬ್ರೇಕ್ ಡ್ಯೂಟಿ. ಬೆಳಗ್ಗೆ ಐದೂವರೆಯಿಂದ ಹನ್ನೊಂದೂವರೆ, ಮತ್ತೆ ಮೂರೂವರೆಯಿಂದ ರಾತ್ರಿ ಎಂಟೂವರೆ. ನಡುವಿನ ನಾಲ್ಕು ತಾಸು ಸಪ್ಲೈಯರ್ ಹುಡುಗರಿಗೆ ‘ರೆಸ್ಟ್’. ರೆಸ್ಟ್ ಎಲ್ಲಿ? ಟೆರೇಸಿನ ಮೇಲೆ ತಗಡಿನ ಶೀಟ್ ಹಾಕಿದ ರೂಮಿನಲ್ಲಿ. ಉಡುಪಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ಒಳಗೆ ಕಾಲಿಟ್ಟ ಕೂಡಲೇ ಅಂಗಿ ಬೆನ್ನಿಗೆ ಅಂಟಿತು. ಒಂದು ಫ್ಯಾನು, ಅದೂ ಬಿಸಿಗಾಳಿ ತಿರುಗಿಸುತ್ತಿತ್ತು. ಹುಡುಗರು ಕೆಳಗೆ ಬಂದು ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂತಿದ್ದರು. ಬೆಳಗ್ಗೆ ಐದಕ್ಕೆ ಎದ್ದವರು ನಿದ್ದೆ ಮಾಡುವುದು ರಾತ್ರಿ ಹತ್ತಕ್ಕೇ. ದಿನಕ್ಕೆ ಹನ್ನೊಂದು ತಾಸು ಕೆಲಸ ಅಂತ ಮಾಲೀಕರ ಲೆಕ್ಕ. ಹುಡುಗರ ಲೆಕ್ಕದಲ್ಲಿ ಅದು ಹದಿನೈದು.

ಹಾಗಾದರೆ ಬ್ರೇಕ್ ಡ್ಯೂಟಿ ಯಾಕೆ? ರಾತ್ರಿ ಎಂಟೂವರೆವರೆಗೆ ಹೋಟೆಲ್ ತೆರೆದಿರುತ್ತದಲ್ಲ, ಅದಕ್ಕೆ. ಎಂಟೂವರೆವರೆಗೆ ಯಾಕೆ ತೆರೆದಿರಬೇಕು? ಇದಕ್ಕೆ ಮಾಲೀಕರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಂದರು: “ತಂದೆಯ ಕಾಲದಿಂದ ಹಾಗೇ ಅಲ್ವಾ.”

ಅಲ್ಲಿಂದ ಮುಂದೆ ಮೂರು ವಾರ ಅವರು ಒಂದು ನೂರು ಪುಟದ ನೋಟ್‌ಬುಕ್ ಇಟ್ಟರು. ಗಂಟೆಗಂಟೆಗೆ ಎಷ್ಟು ಬಿಲ್ಲು, ಅಷ್ಟೇ. ಕಂಪ್ಯೂಟರ್ ಬಿಲ್ಲಿಂಗ್ ಇದ್ದರೂ ಆ ಲೆಕ್ಕ ಯಾರೂ ತೆಗೆದು ನೋಡಿರಲಿಲ್ಲ. ಸಂಜೆ ನಾಲ್ಕರಿಂದ ಆರರವರೆಗೆ ಗೋಳಿಬಜೆಗೆ ನೂಕುನುಗ್ಗಲು. ಆರೂವರೆ ಆದ ಮೇಲೆ ಬರುವ ಗಿರಾಕಿಗಳ ದುಡ್ಡು ಗ್ಯಾಸಿಗೂ ಕೂಲಿಗೂ ಸಾಲುತ್ತಿರಲಿಲ್ಲ. ಆ ಎರಡು ತಾಸಿಗಾಗಿ ಇಡೀ ದಿನದ ಡ್ಯೂಟಿ ಎರಡು ತುಂಡಾಗಿತ್ತು. ಅದಕ್ಕಾಗಿ ಹುಡುಗರು ಓಡುತ್ತಿದ್ದರು. ‘ಜನ ಸಿಗುವುದಿಲ್ಲ’ ಅನ್ನುವುದು ಊರಿನ ಸಮಸ್ಯೆ, ಅದನ್ನು ಒಬ್ಬ ಹೋಟೆಲಿನವರು ಬಗೆಹರಿಸಲು ಆಗದು. ‘ಆರೂವರೆ ಮೇಲೆ ತೆರೆದಿಡುವುದರಿಂದ ಹುಡುಗರು ಬಿಡುತ್ತಾರೆ’ ಅನ್ನುವುದನ್ನು ನಾಳೆಯೇ ಬಗೆಹರಿಸಬಹುದು.

ಇದರ ಮುಂದಿನ ಕತೆಗೆ ಆಮೇಲೆ ಬರುತ್ತೇನೆ.

ನಮ್ಮ ಕರಾವಳಿಯಲ್ಲಿ ಹೀಗೆ ಸಮಸ್ಯೆಯನ್ನು ಚೂಪು ಮಾಡಿ ನೋಡಿದವರು ಮೊದಲೇ ಇದ್ದರು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಕೈಮಗ್ಗದ ನೇಕಾರರು ಆಗ ಸಂಕಷ್ಟದಲ್ಲಿದ್ದರು, ಅವರಿಗೆ ನೆರವಾಗುವುದು ಉದ್ದೇಶ. ಮೂರು ವರ್ಷದ ಮೇಲೆ, 1928ರಲ್ಲಿ, ಪಿಗ್ಮಿ ಅನ್ನುವ ದಿನದಿನದ ಉಳಿತಾಯ ಬಂತು. ದಿನಕ್ಕೆ ಎರಡಾಣೆ. ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಈಗ ನೋಡಿದರೆ ಸಾಮಾನ್ಯ ಅನಿಸುತ್ತದೆ. ಆಗಿನ ಬ್ಯಾಂಕಿನವರನ್ನು ಕೇಳಿದ್ದರೆ ‘ಬಡವರ ಹತ್ತಿರ ಉಳಿತಾಯ ಇಲ್ಲ’ ಅನ್ನುತ್ತಿದ್ದರೋ ಏನೋ. ಪಿಗ್ಮಿ ಮಾಡಿದವರು ನೋಡಿದ್ದು ಬೇರೆ. ಹಣ ಇದೆ. ಸಂಜೆ ಹೊತ್ತಿಗೆ ಕೈಯಲ್ಲಿ ಎರಡಾಣೆ ಇರುತ್ತದೆ, ಬೆಳಗ್ಗೆ ಬ್ಯಾಂಕು ತೆರೆಯುವಾಗ ಇರುವುದಿಲ್ಲ. ಉತ್ತರ ಆ ಹೊತ್ತಿಗೆ ಹೊಂದಿಕೊಂಡಿತು. ಏಜೆಂಟರಿಗೆ ಕಮಿಷನ್ ಕೊಡಬೇಕು, ಹಾಗಾಗಿ ಇದು ದುಬಾರಿ ಠೇವಣಿ. ದುಬಾರಿ ಅಂತ ಗೊತ್ತಿದ್ದೂ ಮಾಡಿದರಲ್ಲ, ಅದನ್ನೇ ನಾನು ಕಾರ್ಯತಂತ್ರ ಅನ್ನುತ್ತೇನೆ.

ಆ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣ ಆಯಿತು, ಏಪ್ರಿಲ್ 1, 2020ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ಅದಕ್ಕೂ ಒಂದು ವರ್ಷ ಮುಂಚೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ. ಪಿಗ್ಮಿ ಮಾತ್ರ ಉಳಿದಿದೆ, ಈಗ ಅದನ್ನು ಜಾಸ್ತಿ ನಡೆಸುವುದು ಊರೂರಿನ ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಗಳು.

ಅಂಥ ಒಂದು ಸೊಸೈಟಿಯಲ್ಲಿ ನನಗೂ ಶೇರು ಉಂಟು. ವಾರ್ಷಿಕ ಮಹಾಸಭೆಗೆ ಹೋಗುತ್ತೇನೆ, ಅರ್ಧ ಕಾರಣ ಹೋಳಿಗೆ ಊಟ ಅಂತ ಒಪ್ಪಿಕೊಳ್ಳುತ್ತೇನೆ. ಒಂದು ವರ್ಷ ವೇದಿಕೆಯಿಂದ ಮುಂದಿನ ಯೋಜನೆ ಓದಿದರು. ಮೂರು ಹೊಸ ಶಾಖೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು “ಶಾಖೆ ಯಾಕೆ ಸ್ವಾಮಿ?” ಅಂತ ಕೇಳಿದರು. ಪಕ್ಕದ ಸೊಸೈಟಿಯವರು ತೆಗೆದಿದ್ದಾರೆ ಅಂತ ಉತ್ತರ ಬಂತು. ಚಪ್ಪಾಳೆ. ಊಟ.

ಅದೇ ಸಭೆಯ ಹೊರಗೆ ಪಿಗ್ಮಿ ಕಲೆಕ್ಟರ್ ಒಬ್ಬರು ಹೇಳಿದ ಮಾತು ವೇದಿಕೆಯಲ್ಲಿ ಯಾರೂ ಹೇಳಲಿಲ್ಲ. ಅಂಗಡಿಗಳಲ್ಲಿ ಸಂಜೆ ಗಲ್ಲಾದಲ್ಲಿ ನೋಟೇ ಇರುವುದಿಲ್ಲ. ಎಲ್ಲ ಯುಪಿಐ. ಹಣ ನೇರ ಬ್ಯಾಂಕ್ ಖಾತೆಗೆ ಹೋಗಿರುತ್ತದೆ. “ಮೆಷಿನ್ ಹಿಡಿದು ನಿಂತರೆ ‘ನಾಳೆ ಬನ್ನಿ’ ಅನ್ನುತ್ತಾರೆ.” ಇದಕ್ಕೆ ಒಂದು ಆಪ್ ಮಾಡಿದರಾಯಿತು ಅಂತ ಆಡಳಿತ ಮಂಡಳಿಯ ಆಲೋಚನೆ. ನನಗೆ ಅನುಮಾನ ಇದೆ. 1928ರಲ್ಲಿ ಹಣ ತಂದುಕೊಡುವ ದಾರಿಯೇ ತೊಂದರೆ ಆಗಿತ್ತು, ಏಜೆಂಟರು ಅದನ್ನು ಬಿಡಿಸಿದರು. ಈಗ ದಾರಿಯ ತೊಂದರೆ ಇಲ್ಲ, ಮೊಬೈಲ್ ಒತ್ತಿದರೆ ಹಣ ಹೋಗುತ್ತದೆ. ಈಗ ಜನ ಪಿಗ್ಮಿ ಕಟ್ಟುವುದು, ಕೇಳಲಿಕ್ಕೆ ಒಬ್ಬರು ದಿನಾ ಬಂದು ನಿಲ್ಲುತ್ತಾರೆ ಅನ್ನುವ ದಾಕ್ಷಿಣ್ಯಕ್ಕೆ. ಆಪಿಗೆ ಯಾರು ದಾಕ್ಷಿಣ್ಯ ತೋರಿಸುತ್ತಾರೆ? ಕಲೆಕ್ಟರ್ ಕೈಗೆ ಕ್ಯೂಆರ್ ಕೋಡ್ ಕೊಟ್ಟು ಮೊದಲಿನಂತೆಯೇ ಕಳಿಸಿದರೆ ಹೇಗೆ ಅಂತ ಕೇಳಿದ್ದೆ. ಯೋಚನೆ ಮಾಡೋಣ ಅಂದರು.

ಒಂದೇ ದೂರಿನ ಹಿಂದೆ ಎರಡು ಬೇರೆ ಸಮಸ್ಯೆ ಇರಬಹುದು ಅನ್ನುವುದಕ್ಕೆ ಕ್ಯಾಂಪ್ಕೊ ಒಳ್ಳೆಯ ಉದಾಹರಣೆ. 1970ರ ದಶಕದ ಮೊದಲಲ್ಲಿ ಅಡಿಕೆ ರೇಟು ಕುಸಿಯಿತು. ಜುಲೈ 11, 1973ರಂದು ಮಂಗಳೂರಿನಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿತು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. ಅಡಿಕೆ ಕೆಡುವ ವಸ್ತುವಲ್ಲ. ಒಣಗಿಸಿ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ವರ್ಷ ಕಳೆದರೂ ಮಾರಬಹುದು, ಚಾಲಿಯಲ್ಲಿ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆಯಲ್ಲಿ, ಹಳೆ ಅಡಿಕೆಗೆ ರೇಟು ಜಾಸ್ತಿಯೇ. ಆದರೆ ಮಗಳ ಮದುವೆ, ಆಳುಗಳ ಕೂಲಿ ಕಾಯುವುದಿಲ್ಲ. ಕಾಯಲಾಗದವರು ಸಿಕ್ಕಿದ ರೇಟಿಗೆ ಕೊಟ್ಟುಬಿಡುತ್ತಿದ್ದರು. ಬೇಕಾದದ್ದು ಹಣ ಹಿಡಿದು ಮಾರುಕಟ್ಟೆಯಲ್ಲಿ ನಿಲ್ಲುವ ಒಬ್ಬ ಖರೀದಿದಾರ. ಕ್ಯಾಂಪ್ಕೊ ಆ ಜಾಗದಲ್ಲಿ ನಿಂತಿತು.

ಕೆಲವೇ ವರ್ಷದಲ್ಲಿ ಕೋಕೋ ಸರದಿ. ಅಡಿಕೆ ತೋಟದ ನಡುವೆ ಎಲ್ಲರೂ ಕೋಕೋ ಹಾಕಿದ್ದರು. ಆ ದಶಕದ ಕೊನೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ರೇಟು ಬಿತ್ತು, ಖಾಸಗಿ ಖರೀದಿ ನಿಂತಿತು. ದೂರು ಅದೇ: ರೇಟು ಬಿದ್ದಿದೆ. ಆದರೆ ಕೋಕೋ ಅಡಿಕೆಯಲ್ಲ. ಕಾಯಿ ಒಡೆದ ಮೇಲೆ ಹಸಿ ಬೀಜವನ್ನು ಅಟ್ಟಕ್ಕೆ ಹಾಕಲು ಬರುವುದಿಲ್ಲ. ಹುಳಿ ಬರಿಸಬೇಕು, ಒಣಗಿಸಬೇಕು, ಆಮೇಲೂ ಅದನ್ನು ತೆಗೆದುಕೊಳ್ಳುವವರು ಚಾಕೊಲೇಟ್ ಮಾಡುವವರು ಮಾತ್ರ. ಮನೆಯಲ್ಲಿ ಯಾರೂ ಕೋಕೋ ತಿನ್ನುವುದಿಲ್ಲವಲ್ಲ. ಇಲ್ಲಿ ಬರೀ ಖರೀದಿ ಮಾಡಿದರೆ ಸಮಸ್ಯೆ ರೈತರ ಅಂಗಳದಿಂದ ಸಂಸ್ಥೆಯ ಗೋಡೌನಿಗೆ ಹೋಗುತ್ತದೆ, ಅಷ್ಟೇ. ಕ್ಯಾಂಪ್ಕೊ ಖರೀದಿಗೆ ಇಳಿಯಿತು, ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರು ಮಾಡಿತು. ಅಡಿಕೆ ಬೆಳೆಗಾರರ ಸೊಸೈಟಿ ಚಾಕೊಲೇಟ್ ಮಾಡುವುದು ಅಂದರೆ ಆಗ ಸಣ್ಣ ಧೈರ್ಯ ಅಲ್ಲ.

ಆದರೂ ಅದರ ವ್ಯವಹಾರದಲ್ಲಿ ಇವತ್ತಿಗೂ ಬಹುಪಾಲು ಅಡಿಕೆಯೇ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ತೋಟಗಳಲ್ಲಿ ಹಳದಿ ರೋಗ, ಎಲೆಚುಕ್ಕಿ ರೋಗ. ಊರಿನಲ್ಲಿ ಮಾತು ಶುರುವಾದರೆ ವಿದೇಶಿ ಅಡಿಕೆ ಬರುತ್ತಿದೆ ಅನ್ನುವಲ್ಲಿಗೇ ನಿಲ್ಲುತ್ತದೆ. ಅದೂ ನಿಜವೇ. ಆದರೆ ಅಡಿಕೆಗೆ ಬದಲು ಏನು ಅನ್ನುವ ಪ್ರಶ್ನೆಯನ್ನು ರೇಟು ಚೆನ್ನಾಗಿರುವಾಗ ಯಾರೂ ಕೇಳುವುದಿಲ್ಲ. ರೇಟು ಬಿದ್ದಾಗ ಕೇಳಿದರೆ ಉತ್ತರ ಹುಡುಕಲು ಕೈಯಲ್ಲಿ ದುಡ್ಡಿರುವುದಿಲ್ಲ.

ಇಂಥ ಲೇಖನಗಳಲ್ಲಿ ಮಂಗಳೂರು ಹಂಚಿನ ಕತೆ ಬಂದೇ ಬರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿತು, ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಸಾಲುಸಾಲು ಕಾರ್ಖಾನೆ ಬಂತು, ಆಮೇಲೆ ಕಾಂಕ್ರೀಟ್ ತಾರಸಿ ಬಂತು, ಮುಗಿಯಿತು. ‘ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ’ ಅಂತ ಒಂದು ವಾಕ್ಯ ಬರೆದು ಮುಂದೆ ಹೋಗುತ್ತಾರೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು, ಗಿರಾಕಿ ಬೇರೆ ಥರದ ಚಾವಣಿ ಹುಡುಕಿದ. ಹಂಚಿನವರು ಸಿಮೆಂಟ್ ಕಾರ್ಖಾನೆ ಹಾಕಬೇಕಿತ್ತಾ? ಎಷ್ಟೋ ಕಾರ್ಖಾನೆಗಳ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ. ಸಾಲ ತೀರಿಸಿ, ಕೆಲಸದವರ ಬಾಕಿ ಕೊಟ್ಟು, ಜಾಗಕ್ಕೆ ಒಳ್ಳೆಯ ಬೆಲೆ ಬರುವಾಗ ಬಾಗಿಲು ಹಾಕುವುದೂ ಪ್ಲಾನೇ. ಸಾಲ ಮಾಡಿಕೊಂಡು ಇನ್ನೂ ಹತ್ತು ವರ್ಷ ಎಳೆದಾಡುವುದಕ್ಕಿಂತ ವಾಸಿ. ನಮ್ಮಲ್ಲಿ ಮುಚ್ಚುವುದಕ್ಕೆ ಮುಹೂರ್ತ ಇಡುವುದಿಲ್ಲ, ಹಾಗಾಗಿ ಬಾಗಿಲು ಯಾವಾಗಲೂ ತಡವಾಗಿ ಬೀಳುತ್ತದೆ.

ಇನ್ನು ಹಣ. ಲಾಭ ಇದ್ದರೂ ನಿಂತುಹೋದ ಎಷ್ಟು ಕಾರ್ಖಾನೆ ಇಲ್ಲ? ಗೇರುಬೀಜದವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಬೆಳೆ ಕಾರ್ಖಾನೆಗಳಿಗೆ ಸಾಲದು. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾದಿಂದ ಬೀಜ ಹಡಗಿನಲ್ಲಿ ಬರಬೇಕು. ಬೆಳೆ ಬರುವುದು ಕೆಲವೇ ತಿಂಗಳು, ಕಾರ್ಖಾನೆ ನಡೆಯಬೇಕಾದ್ದು ವರ್ಷವಿಡೀ. ಕೊಂಡು ಗೋಡೌನಿಗೆ ತುಂಬಿದ ಮೇಲೆ ತಿರುಳಿನ ರೇಟು ಇಳಿದರೆ ಇಡೀ ವರ್ಷದ ಲಾಭ ಆ ಗೋಣಿಗಳಲ್ಲೇ ಹೋಯಿತು. ಮೆಷಿನ್ ಹಾಕಿ ಮುಂದೆ ಹೋದ ವಿಯೆಟ್ನಾಂ ಈಗ ತಿರುಳು ರಫ್ತಿನಲ್ಲಿ ಜಗತ್ತಿಗೇ ಮೊದಲು. ಅವರ ಎದುರು ಇಲ್ಲಿಯವರ ಪ್ಲಾನಿನ ಮುಖ್ಯ ಅಂಕಿ ಯಾವುದು ಗೊತ್ತಾ? ಮಾರಾಟ ಅಲ್ಲ. ಎಷ್ಟು ದಿನದ ಬೀಜ ಗೋಡೌನಿನಲ್ಲಿ ಇಡುವುದು ಅನ್ನುವುದು.

ಸರಕು ಕೊಟ್ಟು ಹಣಕ್ಕೆ ಕಾಯುವವರ ಪಾಡೂ ಇದೇ. ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇತ್ತು. ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆ ಇಲಾಖೆ ಬಿಸಿ ಮುಟ್ಟಿಸಿದೆ. ಗಡುವು ಮೀರಿದ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವ ಹಾಗಿಲ್ಲ, ನಿಜವಾಗಿ ಕೊಟ್ಟ ವರ್ಷ ಮಾತ್ರ. ಮಾರ್ಚಿನಲ್ಲಿ ಚೆಕ್ಕುಗಳು ಬರುತ್ತಿವೆ ಅಂತ ಕೆಲವರ ಖುಷಿ. ಸಣ್ಣ ಉದ್ಯಮ ಅಂತ ನೋಂದಣಿ ಇಲ್ಲದವರ ಹತ್ತಿರ ಕೊಂಡರೆ ಈ ರಗಳೆ ಇಲ್ಲ ಅಂತ ದೊಡ್ಡ ಗಿರಾಕಿಗಳು ಅತ್ತ ಹೋದರೆ ಎಂಬ ಹೆದರಿಕೆಯೂ ಉಂಟು. ನಿಮ್ಮ ಮಾರಾಟದ ಅರ್ಧ ಒಬ್ಬನೇ ಗಿರಾಕಿಯದಾಗಿದ್ದರೆ ಕಾನೂನು ಕೈಯಲ್ಲಿದ್ದರೂ ಬಾಯಿ ಬಿಡುವುದು ಕಷ್ಟ.

ಎಲ್ಲವನ್ನೂ ಒಂದು ಸಂಸ್ಥೆಯೊಳಗೇ ಬಗೆಹರಿಸಬಹುದು ಅಂತಲೂ ಇಲ್ಲ. ಮಲ್ಪೆಯಲ್ಲಿ ಬೋಟಿನವರನ್ನು ಕೇಳಿ ನೋಡಿ, ಮೀನಿಲ್ಲ ಅನ್ನುತ್ತಾರೆ. ಒಬ್ಬೊಬ್ಬರ ಪ್ಲಾನೂ ಸರಿಯಾಗಿಯೇ ಇದೆ: ದೊಡ್ಡ ಎಂಜಿನ್ ಹಾಕುವುದು, ಇನ್ನೂ ಆಳಕ್ಕೆ ಹೋಗುವುದು, ರಾತ್ರಿ ಲೈಟ್ ಹಾಕಿ ಮೀನು ಸೇರಿಸುವುದು. ಎಲ್ಲರೂ ಅದನ್ನೇ ಮಾಡಿದರೆ ಮರಿ ಮೀನೂ ಉಳಿಯುವುದಿಲ್ಲ, ಡೀಸೆಲ್ ಖರ್ಚು ಮಾತ್ರ ಎಲ್ಲರಿಗೂ ಏರುತ್ತದೆ. ಕೇಂದ್ರ ಸರಕಾರ 2017ರಲ್ಲಿ ಲೈಟ್ ಫಿಶಿಂಗ್, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ನಿಷೇಧಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಈ ರಜೆಯನ್ನು ಯಾರೂ ಒಬ್ಬೊಬ್ಬರೇ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಮಾತ್ರ ಅರ್ಥ ಇರುವ ಕೆಲಸ ಅದು. ಅದೇ ಎರಡು ತಿಂಗಳಲ್ಲಿ ಬಲೆ ಹೆಣೆಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ಹಿಂದಿನ ಸೀಸನ್ನಿನ ಲೆಕ್ಕ ಮುಗಿಸುತ್ತಾರೆ.

ನಿಲ್ಲಿಸಿ ನೋಡುವುದಕ್ಕೆ ತುಳುನಾಡಿನಲ್ಲಿ ದಿನವೇ ನಿಗದಿಯಾಗಿದೆ. ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಮೇ 24-25ರ ಹೊತ್ತಿಗೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ ಕೋಲಗಳು ನಿಲ್ಲುತ್ತವೆ. ಕಲೆಕ್ಷನ್ ಚೆನ್ನಾಗಿದೆ, ಇನ್ನು ಹದಿನೈದು ದಿನ ಆಡೋಣ ಅಂತ ಯಾವ ಯಜಮಾನರೂ ಹೇಳುವ ಹಾಗಿಲ್ಲ. ಯಾವ ಕಲಾವಿದ ಮುಂದಿನ ತಿರುಗಾಟಕ್ಕೆ ಉಳಿಯುತ್ತಾನೆ, ಯಾವ ಪ್ರಸಂಗ ಓಡಲಿಲ್ಲ ಅನ್ನುವ ಮಾತೆಲ್ಲ ಆಮೇಲೆಯೇ. ನಮ್ಮ ಕಂಪನಿಗಳಿಗೆ ಇಂಥ ದಿನ ಇಲ್ಲ. ಮಾರ್ಚ್ 31 ಇದೆ, ಆದರೆ ಅದು ತೆರಿಗೆಯವರ ದಿನ.

ಕೊನೆಯದಾಗಿ ಒಂದು ಚೀಟಿ ಆಟದ ಬಗ್ಗೆ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಮೇಲೆ ಇದು ಹೆಚ್ಚು ಪ್ರಚಾರಕ್ಕೆ ಬಂತು. ಹೊಸ ಕೆಲಸ ಶುರು ಮಾಡುವ ಮುಂಚೆ ಎಲ್ಲರೂ ಹೀಗೆ ಊಹಿಸಬೇಕು: ಒಂದು ವರ್ಷ ಕಳೆದಿದೆ, ಈ ಕೆಲಸ ಪೂರ್ತಿ ಕೆಟ್ಟುಹೋಗಿದೆ. ಯಾಕೆ ಕೆಟ್ಟಿತು ಅಂತ ಬರೆಯಿರಿ. ‘ಇದರಲ್ಲಿ ತೊಂದರೆ ಏನಾದರೂ ಇದೆಯಾ’ ಅಂತ ಯಜಮಾನರು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕೆಟ್ಟದ್ದೇ ಆಗಿದೆ ಅಂತ ಅವರೇ ಮೊದಲು ಹೇಳಿದರೆ ಬಾಯಿ ಬಿಡಲು ದಾರಿ ಸಿಗುತ್ತದೆ.

ಮಂಗಳೂರಿನ ಒಂದು ಜವಳಿ ಅಂಗಡಿಯಲ್ಲಿ ಇದನ್ನು ಮಾಡುವುದನ್ನು ನೋಡಿದ್ದೇನೆ. ಅಣ್ಣತಮ್ಮಂದಿರ ಅಂಗಡಿ. ಎರಡನೇ ಶೋರೂಮ್ ತೆಗೆಯುವ ಯೋಚನೆ. ಮನೆಯವರು, ಹಳೆ ಸೇಲ್ಸ್‌ಮನ್‌ಗಳು, ಲೆಕ್ಕದವರು ಸೇರಿ ಒಂಬತ್ತು ಜನ ಚೀಟಿ ಬರೆದರು. ಅಕ್ಷರ ಗುರುತು ಸಿಗುತ್ತದೆ ಅಂತ ಒಬ್ಬರು ಎಡಗೈಯಲ್ಲಿ ಬರೆದರು! ಮೂರು ಚೀಟಿಯಲ್ಲಿ ಪಾರ್ಕಿಂಗ್ ಇಲ್ಲ ಅಂತ ಇತ್ತು. ಒಂದರಲ್ಲಿ ಬಾಡಿಗೆ. ಎಡಗೈ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: “ಸಣ್ಣ ಧಣಿಗಳು ಅಲ್ಲಿ ಕೂರುವುದಿಲ್ಲ.” ಸಣ್ಣ ಧಣಿಗಳು ಎದುರಿಗೇ ಇದ್ದರು. ಯಾರೂ ನಗಲಿಲ್ಲ. ಅವರೇ ಸ್ವಲ್ಪ ಹೊತ್ತಿನ ಮೇಲೆ, ಹೌದು, ನನಗೆ ದುಬೈಗೆ ಹೋಗುವ ಮನಸ್ಸಿದೆ ಅಂದರು. ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಈ ಸಾಲು ಬರುವುದಿಲ್ಲ ನೋಡಿ.

ಆ ಹೋಟೆಲಿನವರು ಕೊನೆಗೆ ಆರೂವರೆಗೆ ಬಾಗಿಲು ಹಾಕುವುದು ಅಂತ ತೀರ್ಮಾನ ಮಾಡಿದರು. ಡ್ಯೂಟಿ ಎರಡು ಬ್ಯಾಚ್ ಆಯಿತು. ಐದೂವರೆಯಿಂದ ಒಂದೂವರೆ, ಹತ್ತೂವರೆಯಿಂದ ಆರೂವರೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರದೇ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ: ದೀಪಾವಳಿಯೊಳಗೆ ಹುಡುಗರು ನಿಲ್ಲದಿದ್ದರೆ ಮತ್ತೆ ಹಳೆಯ ಟೈಮ್. ಇದಕ್ಕೆ ಅವರು ಪಟ್ಟ ಸಂಕಟ ಹಣದ್ದಲ್ಲ. “ಸಂಜೆ ಏಳಕ್ಕೆ ದೀಪ ಆರಿಸಿದ ಹೋಟೆಲ್ ಅಂದರೆ ಊರಿನವರು ಎಂತ ಹೇಳ್ಲಿಕ್ಕಿಲ್ಲ?” ಅಂತ ನಾಲ್ಕು ಸಲ ಕೇಳಿದ್ದರು.

ಮೊನ್ನೆ ಸಂಜೆ ಹೋಗಿದ್ದೆ. ಆರೂ ಇಪ್ಪತ್ತು. ಗೋಳಿಬಜೆ ಮುಗಿದಿತ್ತು. ಕ್ಲೀನರ್ ಹುಡುಗ ಕುರ್ಚಿಗಳನ್ನು ಟೇಬಲ್ ಮೇಲೆ ಮಗುಚಿ ಇಡುತ್ತಿದ್ದ, ಕಳೆದ ಸಲ ನೋಡಿದ ಅದೇ ಹುಡುಗ. ಕಾಫಿ ಸಿಕ್ಕಿತು. ರಾತ್ರಿ ಏಳಕ್ಕೆ ಬಂದು ಎರಡು ಇಡ್ಲಿ ತಿನ್ನುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಈಗ ಸಿಟ್ಟಾಗಿ ಎದುರಿನ ಹೋಟೆಲಿಗೆ ಹೋಗುತ್ತಾರಂತೆ. ಮಾಲೀಕರಿಗೆ ಅದೇ ಬೇಜಾರು. ಮಗ ಮಣಿಪಾಲದ ಬ್ರಾಂಚಿನ ಮಾತು ಮತ್ತೆ ಎತ್ತಿದ್ದಾನೆ. ಈ ಸಲ ತಂದೆ ಬೇಡ ಅನ್ನಲಿಲ್ಲ. ಅಲ್ಲಿಯ ಬಾಡಿಗೆ ಎಷ್ಟು, ಹುಡುಗರು ಮಧ್ಯಾಹ್ನ ಎಲ್ಲಿ ಮಲಗುತ್ತಾರೆ ಅಂತ ಕೇಳಿದರಂತೆ.